ಕೊಟ್ಟಿಗೆಹಾರದ ಮಂಜು, ಪೇಪರ್ ಅಣ್ಣನ ಸ್ಪ್ಲೆಂಡರ್: ಒಂದು ಹೆಡ್‌ಲೈಟ್ ಕೆಲಸದ ಪೂರ್ತಿ ವಿವರ

2024ರ ಜೂನ್ ಕೊನೆಯ ವಾರ. ಮೂಡಿಗೆರೆಯಲ್ಲಿ ನಮ್ಮ ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ಪೇಪರ್ ಅಣ್ಣ ಹೊರಗೆ ಜಗಲಿಯ ಮೇಲೆ ಕೂತಿದ್ದರು. ಪ್ಯಾಂಟಿನ ಮೊಣಕಾಲು ಹರಿದಿತ್ತು, ಅಂಗೈ ತರಚಿತ್ತು. ಪಕ್ಕದಲ್ಲಿ ನಿಂತ ಸ್ಪ್ಲೆಂಡರಿನ ಎಡಗಡೆ ಫುಟ್‌ರೆಸ್ಟ್ ಒಳಕ್ಕೆ ಬಾಗಿ, ಹ್ಯಾಂಡಲ್ ತುದಿಗೆ ಕೆಸರು ಮೆತ್ತಿತ್ತು.

"ಲೈಟು ಇತ್ತು ಮಾರಾಯ, ಬೇಕಾದಷ್ಟಿತ್ತು. ಎದುರಿಗೆ ಎಲ್ಲ ಬೆಳ್ಳಗೆ ಕಾಣ್ತಿತ್ತು. ಟ್ರ್ಯಾಕ್ಟರ್ ಮಾತ್ರ ಕಾಣ್ಲಿಲ್ಲ" ಅಂದರು.

ಬೆಳಕು ಬೇಕಾದಷ್ಟಿದ್ದೂ ಟ್ರ್ಯಾಕ್ಟರ್ ಕಾಣದೆ ಹೋದದ್ದು ಹೇಗೆ ಎಂದು ಹುಡುಕುತ್ತಾ ಹೋದದ್ದೇ ಈ ಬರಹ. ಆಟೊ ಎಲೆಕ್ಟ್ರಿಕಲ್ ಕೆಲಸಕ್ಕೆ ಕೂತು ನನಗೆ ಹತ್ತೊಂಬತ್ತು ವರ್ಷವಾಯಿತು. ಮಳೆಗಾಲ ಶುರುವಾದರೆ ವಾರಕ್ಕೆ ಮೂರು ನಾಲ್ಕು ಜನ "ಲೈಟ್ ಸಾಲ್ತಿಲ್ಲ, ಎಲ್‌ಇಡಿ ಹಾಕ್ಕೊಡು" ಎಂದು ಬರುತ್ತಾರೆ. ಅವರಿಗೆಲ್ಲ ಬಾಯಲ್ಲಿ ಹೇಳುವುದನ್ನು ಒಂದು ಬೈಕಿನ ಮೇಲೆ ಅಳೆದು, ಬರೆದಿಟ್ಟುಕೊಂಡು ಮಾಡಿದ್ದು ಇದೇ ಮೊದಲು.

ಪೇಪರ್ ಅಣ್ಣನಿಗೆ ಬೆಳಗಿನ ಜಾವ ನಾಲ್ಕೂವರೆಗೆ ಮೂಡಿಗೆರೆಯಲ್ಲಿ ಪತ್ರಿಕೆಯ ಬಂಡಲ್ ಸಿಗುತ್ತದೆ. ಅದನ್ನು ಕ್ಯಾರಿಯರ್ ಮೇಲಿನ ಪ್ಲಾಸ್ಟಿಕ್ ಕ್ರೇಟಿಗೆ ತುಂಬಿ, ಟಾರ್ಪಾಲು ಕಟ್ಟಿ, ಬಣಕಲ್ ದಾಟಿ ಕೊಟ್ಟಿಗೆಹಾರಕ್ಕೆ ಹೋಗುತ್ತಾರೆ. ಅಲ್ಲಿಂದ ಜಾವಳಿ ಕಡೆಯ ಕಾಫಿ ಎಸ್ಟೇಟುಗಳು, ಕೊನೆಗೆ ಚಾರ್ಮಾಡಿ ಘಾಟಿಯ ಮೇಲಿನ ತಿರುವುಗಳಲ್ಲಿ ಒಂದೆರಡು ಮನೆ. ಜೂನಿನಿಂದ ಸೆಪ್ಟೆಂಬರ್ ತನಕ ಈ ದಾರಿಯಲ್ಲಿ ಮಳೆ, ಕತ್ತಲು, ಮಂಜು ಮೂರೂ ಒಟ್ಟಿಗೇ ಇರುತ್ತವೆ. ರಸ್ತೆಯಲ್ಲಿ ನಡೆದು ಬರುವವರು ಕಪ್ಪು ಕಂಬಳಿ ಕೊಪ್ಪೆ ಹಾಕಿಕೊಂಡ ಕೂಲಿಯವರು. ಬದಿಯಲ್ಲಿ ನಿಂತಿರುವುದು ಹಿಂದಿನ ದೀಪ ಸತ್ತ ಟ್ರ್ಯಾಕ್ಟರ್ ಟ್ರೈಲರ್. ಆ ದಿನ ಆದದ್ದೂ ಅದೇ. ಕೊಟ್ಟಿಗೆಹಾರಕ್ಕೆ ಇನ್ನೊಂದು ಕಿಲೋಮೀಟರ್ ಇದ್ದಾಗ ಮಂಜಿನೊಳಗೆ ಟ್ರೈಲರಿನ ಹಿಂಬದಿ ಎದ್ದು ಬಂತು. ಅಣ್ಣ ಎಡಕ್ಕೆ ಎಳೆದರು, ಬೈಕು ಚರಂಡಿಗೆ ಜಾರಿತು. ಮೂಳೆ ಉಳಿಯಿತು, ಪೇಪರೆಲ್ಲ ನೆನೆದುಹೋಯಿತು.

ಬೈಕು 2011ರ ಸ್ಪ್ಲೆಂಡರ್ ಪ್ಲಸ್, ಕಿಕ್ ಸ್ಟಾರ್ಟ್. ಹಿಂದಿನ ವರ್ಷ ಅಣ್ಣ ಬೇರೆ ಊರಿನಲ್ಲಿ ಎಲ್‌ಇಡಿ ಬಲ್ಬು ಹಾಕಿಸಿದ್ದರು. ಮಂಜಿಗೆ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಹೆಡ್‌ಲೈಟ್ ಗಾಜಿನ ಮೇಲೆ ಹಳದಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಹ್ಯಾಂಡಲ್ ಕೆಳಗೆ ಎರಡು ಚೌಕನೆಯ ಲೈಟು ಹಾಕಿಸಿದ್ದರು, ಅವು ಒಂದು ತಿಂಗಳಲ್ಲೇ ಉರಿಯುವುದು ನಿಲ್ಲಿಸಿದ್ದವು. ಇಷ್ಟಕ್ಕೆ ಖರ್ಚಾದದ್ದು 1,800 ರೂಪಾಯಿ.

ಗೋಡೆಯ ಮುಂದೆ ನಿಲ್ಲಿಸಿದಾಗ

ಯಾವ ವೈರಿಗೂ ಕೈ ಹಾಕುವ ಮೊದಲು ಸಂಜೆಯವರೆಗೆ ಕಾದು ಬೈಕನ್ನು ಅಂಗಡಿಯ ಹಿಂದಿನ ಸುಣ್ಣದ ಗೋಡೆಯಿಂದ 5 ಮೀಟರ್ ದೂರದಲ್ಲಿ ನಿಲ್ಲಿಸಿ ಲೈಟ್ ಹಾಕಿದೆ. ಹೆಡ್‌ಲೈಟ್ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಡಿಮ್‌ನಲ್ಲಿ ಇರುವ ಒಳ್ಳೆಯ ಹೆಡ್‌ಲೈಟಿನ ಬೆಳಕು ಗೋಡೆಯ ಮೇಲೆ ಕೆಳಗಡೆ ಮಾತ್ರ ಬೀಳಬೇಕು. ಮೇಲೆ ಕತ್ತಲು, ಕೆಳಗೆ ಬೆಳಕು, ನಡುವೆ ಅಡ್ಡಕ್ಕೆ ಒಂದು ಗೆರೆ. ಅಣ್ಣನ ಬೈಕಿನ ಬೆಳಕಿಗೆ ಗೆರೆಯೇ ಇರಲಿಲ್ಲ. ನೆಲದಿಂದ ಹಿಡಿದು ಹೆಂಚಿನ ಅಂಚಿನವರೆಗೆ ಬೆಳಕು ಹರಡಿಕೊಂಡಿತ್ತು. ಪಕ್ಕದ ತೆಂಗಿನ ಮರದ ಗರಿಗಳೂ ಕಾಣುತ್ತಿದ್ದವು.

ಏಕೆ ಹಾಗೆ ಎನ್ನುವುದು ಬಲ್ಬನ್ನು ಹೊರಗೆ ತೆಗೆದು ಪಕ್ಕಪಕ್ಕದಲ್ಲಿ ಇಟ್ಟರೆ ತಿಳಿಯುತ್ತದೆ. ಈ ಬೈಕಿಗೆ ಬರುವುದು ಎಚ್‌ಎಸ್1 ಎನ್ನುವ 35/35 ವಾಟ್ ಹ್ಯಾಲೊಜೆನ್ ಬಲ್ಬು. ಅದರ ಗಾಜಿನೊಳಗೆ ಎರಡು ತಂತಿ ಇವೆ. ಡಿಮ್ ತಂತಿಯ ಕೆಳಗೆ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ತಗಡಿನ ಬಟ್ಟಲು. ಡಿಮ್ ತಂತಿ ಉರಿದಾಗ ಆ ಬಟ್ಟಲು ಕೆಳಗೆ ಹೋಗುವ ಬೆಳಕನ್ನು ತಡೆಯುತ್ತದೆ. ಹಾಗಾಗಿ ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬೆಳಕು ತಾಗಿ, ಅಲ್ಲಿಂದ ರಸ್ತೆಯ ಕಡೆಗೆ ಇಳಿಯುತ್ತದೆ. ಆ ಪುಟ್ಟ ಬಟ್ಟಲೇ ಎದುರಿನಿಂದ ಬರುವವನ ಕಣ್ಣು ಕಾಯುವುದು. ರಿಫ್ಲೆಕ್ಟರಿನ ಒಂದೊಂದು ಮಡಿಕೆಯನ್ನೂ ತಂತಿ ಇರುವ ಜಾಗದ ಲೆಕ್ಕದಲ್ಲೇ ಮಾಡಿರುತ್ತಾರೆ, ಒಂದು ಮಿಲಿಮೀಟರ್ ಆಚೆ ಈಚೆ ಆದರೂ ಬೆಳಕು ಬೇರೆ ಕಡೆ ಹೋಗುತ್ತದೆ.

ಅಣ್ಣನ ಎಲ್‌ಇಡಿಯಲ್ಲಿ ಬಟ್ಟಲು ಇರಲಿಲ್ಲ. ಎರಡೂ ಬದಿಗೆ ಬೆಳಕು ಕೊಡುವ ಅಗಲವಾದ ಹಳದಿ ಚಿಪ್, ಹಿಂದೆ ಸಣ್ಣ ಫ್ಯಾನು. ಅದರ ಕೊರಳು ಕಾರಿಗೆ ಹಾಕುವ ಎಚ್4 ಅಳತೆಯದು, ಎಚ್‌ಎಸ್1ರದ್ದಲ್ಲ. ಕೂರಿಸುವುದಕ್ಕೆ ಅದರ ಕಿವಿಗಳನ್ನು ಫೈಲ್‌ನಿಂದ ಉಜ್ಜಿದ ಗುರುತು ಇತ್ತು, ಹಾಗೆ ಉಜ್ಜಿ ಕೂರಿಸಿದ್ದರಿಂದ ಬಲ್ಬು ಸ್ವಲ್ಪ ತಿರುಗಿ ನಿಂತಿತ್ತು.

ಮೇಲಕ್ಕೆ ಹೋಗುವ ಬೆಳಕು ಬೆಳದಿಂಗಳಲ್ಲಿ ಬರೀ ದಂಡ. ಮಂಜಿನಲ್ಲಿ ಅದು ಅಪಾಯ. ಮಂಜು ಎಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿಗಳು. ಒಂದೊಂದು ಹನಿಯೂ ಬೆಳಕನ್ನು ಸುತ್ತಲೂ ಚೆಲ್ಲುತ್ತದೆ, ಅದರಲ್ಲಿ ಒಂದಿಷ್ಟು ನಮ್ಮ ಕಣ್ಣಿಗೇ ವಾಪಸು ಬರುತ್ತದೆ. ಬೈಕಿನಲ್ಲಿ ದೀಪಕ್ಕೂ ಕಣ್ಣಿಗೂ ನಡುವೆ ಇರುವುದು ಎರಡು ಮೂರು ಅಡಿ. ಕಣ್ಣಿನ ನೇರಕ್ಕೆ ಬೆಳಕು ಹೋದರೆ ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗೆ. ಅಣ್ಣ "ಎಲ್ಲ ಬೆಳ್ಳಗೆ ಕಾಣ್ತಿತ್ತು" ಅಂದದ್ದು ಆ ಪರದೆಯನ್ನು. ಟ್ರ್ಯಾಕ್ಟರ್ ಅದರ ಹಿಂದೆ ಇತ್ತು.

ಹಳದಿ ಹಾಳೆಯ ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆ ಘಾಟಿಯ ಮೇಲೂ ಕೆಳಗೂ ಗಟ್ಟಿಯಾಗಿದೆ. ಬೆಳಕಿನ ಅಲೆಗೆ ಹೋಲಿಸಿದರೆ ಮಂಜಿನ ಹನಿ ಎಷ್ಟೋ ಪಟ್ಟು ದೊಡ್ಡದು. ಹಾಗಾಗಿ ಎಲ್ಲ ಬಣ್ಣವನ್ನೂ ಅದು ಸುಮಾರಾಗಿ ಒಂದೇ ರೀತಿ ಚದುರಿಸುತ್ತದೆ. ನೀಲಿ ಬಿಳುಪಿನ ಬೆಳಕು ಕಣ್ಣಿಗೆ ಹೆಚ್ಚು ಚುಚ್ಚುವುದು ನಿಜ, ಹಳದಿಯಲ್ಲಿ ಆ ತೊಂದರೆ ಕಡಿಮೆ. ಆದರೆ ಗಾಜಿನ ಮೇಲೆ ಅಂಟಿಸಿದ ಹಾಳೆ ಒಳಗಿನ ಬೆಳಕನ್ನೇ ತಿನ್ನುತ್ತದೆ. ಮಂಜಿಗೆ ಮುಖ್ಯ ಬೆಳಕು ಎಷ್ಟು ಎತ್ತರದಲ್ಲಿ ಹೋಗುತ್ತಿದೆ ಎನ್ನುವುದು.

ಕಾನೂನಿನ ಮಾತೂ ಬಂತು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮ ಬಹಳ ಸ್ಪಷ್ಟವಾಗಿದೆ: ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಅದೇ ಜುಲೈನಲ್ಲಿ ರಾಜ್ಯದಾದ್ಯಂತ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ಹಾಕಿದ ವಾಹನಗಳ ಮೇಲೆ ಕೇಸು ಹಾಕಲು ಶುರುಮಾಡಿದರು. ಅಣ್ಣನನ್ನು ಆ ಗೋಡೆಯಿಂದ ಮೂರು ಮೀಟರ್ ಈಚೆ, ಬೈಕಿನ ಬಲಕ್ಕೆ ನಿಲ್ಲಿಸಿ ಅವರದೇ ಲೈಟು ಹಾಕಿ ತೋರಿಸಿದೆ. ಬೈಕಿನಿಂದ ದೂರ 2 ಮೀಟರ್ ಮಾತ್ರ, ಆದ್ದರಿಂದ ಅದು ನಿಯಮದ ಪರೀಕ್ಷೆಯಲ್ಲ. ಎದುರಿನವನಿಗೆ ಏನಾಗುತ್ತದೆ ಎಂದು ಗೊತ್ತಾದರೆ ಸಾಕಿತ್ತು. ಅವರು ಕೈ ಅಡ್ಡ ಹಿಡಿದುಕೊಂಡು, "ಬಸ್ಸಿನವ್ರು ಯಾಕೆ ಬೈತಿದ್ರು ಅಂತ ಈಗ ಗೊತ್ತಾಯ್ತು" ಅಂದರು.

ದಾರಿಯಲ್ಲಿ ಕಳೆದುಹೋಗುತ್ತಿದ್ದ ಕರೆಂಟು

ಎಲ್‌ಇಡಿ ತೆಗೆದು ಹೊಸ ಎಚ್‌ಎಸ್1 ಬಲ್ಬು ಹಾಕಿದೆ. ಗೋಡೆಯ ಮೇಲೆ ಗೆರೆ ಬಂತು, ಆದರೆ ಬೆಳಕು ಕೆಂಡದ ಬಣ್ಣಕ್ಕೆ ತಿರುಗಿತ್ತು. ಅಣ್ಣನ ಮುಖ ಬಾಡಿತು. "ಇದಕ್ಕೇ ಅಲ್ವಾ ನಾನು ಎಲ್‌ಇಡಿ ಹಾಕಿಸಿದ್ದು?"

ಅವರು ಹೇಳಿದ್ದು ಸರಿ. ಅವರ ಮೂಲ ದೂರು ಸುಳ್ಳಾಗಿರಲಿಲ್ಲ, ಯಾರೂ ಅದರ ಕಾರಣ ಹುಡುಕಿರಲಿಲ್ಲ ಅಷ್ಟೇ. ಆ ಕಾಲದ ಸ್ಪ್ಲೆಂಡರಿನಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುವುದಿಲ್ಲ. ಎಂಜಿನ್ ಜೊತೆ ತಿರುಗಿ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ ಒಳಗಿನ ಕಾಯಿಲ್ ಪ್ಲೇಟಿನಿಂದ ಬರುವ ಎಸಿ ಕರೆಂಟು ಹಳದಿ ವೈರಿನಲ್ಲಿ ನೇರ ಲೈಟಿಗೆ ಹೋಗುತ್ತದೆ. ಎಂಜಿನ್ ಜೋರಾದರೆ ಬೆಳಕು ಜೋರು, ನಿಧಾನವಾದರೆ ಮಂಕು. ಬ್ಯಾಟರಿ ಇರುವುದು ಹಾರ್ನಿಗೆ, ಇಂಡಿಕೇಟರಿಗೆ, ಬ್ರೇಕ್ ಲೈಟಿಗೆ.

ಮೀಟರ್ ಹಿಡಿದು ಕೂತೆ. ಎಂಜಿನ್ ಓಡುವ ವೇಗದಲ್ಲಿ ಇರುವಾಗ ಆರ್‌ಆರ್ ಯೂನಿಟ್ (ವೋಲ್ಟೇಜ್ ಹದ್ದಿನಲ್ಲಿಟ್ಟು, ಬ್ಯಾಟರಿಗೆ ಎಸಿಯನ್ನು ಡಿಸಿ ಮಾಡಿಕೊಡುವ ರೆಗ್ಯುಲೇಟರ್ ರೆಕ್ಟಿಫೈಯರ್) ಹತ್ತಿರ ಹಳದಿ ವೈರಿನಲ್ಲಿ 12.8 ವೋಲ್ಟ್. ಬಲ್ಬಿನ ಹೋಲ್ಡರಿನಲ್ಲಿ 10.7. ನಡುವೆ 2.1 ವೋಲ್ಟ್ ಕಾಣೆಯಾಗಿತ್ತು. (ಆರ್‌ಆರ್ ಯೂನಿಟ್ ಕತ್ತರಿಸಿ ಕೊಡುವ ಎಸಿಯನ್ನು ಸಾಮಾನ್ಯ ಮೀಟರ್ ಸರಿಯಾಗಿ ಓದುವುದಿಲ್ಲ. ಒಂದೇ ಮೀಟರಿನಿಂದ ಎರಡೂ ತುದಿ ಅಳೆದು ವ್ಯತ್ಯಾಸ ನೋಡಿದರೆ ಕೆಲಸಕ್ಕೆ ಬರುತ್ತದೆ, ಆ ಅಂಕಿಯನ್ನೇ ಹಿಡಿದು ವಾದ ಮಾಡಲು ಬರುವುದಿಲ್ಲ.)

ಎರಡು ವೋಲ್ಟ್ ಏನು ಮಹಾ ಎನಿಸಬಹುದು. ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜ್ ಇಳಿದಷ್ಟೇ ಪಾಲಿನಲ್ಲಿ ಬೆಳಕು ಇಳಿಯುವುದಿಲ್ಲ, ಅದಕ್ಕಿಂತ ಬಹಳ ಹೆಚ್ಚು ಇಳಿಯುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಹೋಗುತ್ತದೆ. 12.8 ಇರಬೇಕಾದಲ್ಲಿ 10.7 ಇದ್ದರೆ ಉಳಿಯುವುದು ಅರ್ಧಕ್ಕಿಂತ ಚೂರು ಜಾಸ್ತಿ. ಎಚ್‌ಎಸ್1 ಬಲ್ಬು ಡಿಮ್‌ನಲ್ಲಿ ಕೊಡಬೇಕಾದದ್ದು ಸುಮಾರು 525 ಲುಮೆನ್, ಅದೇ ಕಡಿಮೆ. ಅದರಲ್ಲೂ ಹತ್ತಿರ ಹತ್ತಿರ ಅರ್ಧ ರಸ್ತೆಗೆ ಇಳಿಯುವ ಮೊದಲೇ ಮಾಯ.

ಎಲ್ಲಿ ಹೋಗುತ್ತಿದೆ ಎಂದು ಒಂದೊಂದೇ ಜೋಡಣೆ ಅಳೆಯುತ್ತಾ ಬಂದೆ. ಡಿಮ್, ಬ್ರೈಟ್ ಬದಲಿಸುವ ಡಿಪ್ಪರ್ ಸ್ವಿಚ್ಚಿನಲ್ಲಿ 0.9 ವೋಲ್ಟ್, ಹೆಡ್‌ಲೈಟ್ ಹಿಂದೆ ವೈರು ಜೋಡಿಸುವ ಕಪ್ಲರಿನಲ್ಲಿ 0.5, ಅರ್ಥ್ ವಾಪಸು ಹೋಗುವ ಹಸಿರು ವೈರಿನಲ್ಲಿ 0.7.

ಎಡಗೈ ಸ್ವಿಚ್ಚನ್ನು ಬಿಚ್ಚಿದಾಗ ಮೊದಲು ಬಂದದ್ದು ಒಂದು ಚಮಚದಷ್ಟು ಕೆಸರು ನೀರು. ಒಳಗೆ ಡಿಪ್ಪರಿನ ಪುಟ್ಟ ಹಿತ್ತಾಳೆ ನಾಲಿಗೆ, ಅದು ಜಾರಿ ಹೋಗಿ ಮುಟ್ಟುವ ಮೂರು ತಾಮ್ರದ ಬಿಂದು. ಡಿಮ್ ಕಡೆಯ ಬಿಂದುವಿನ ಮೇಲೆ ಹಸಿರು ಕಿಲುಬು ಬೆಳೆದು, ಅದರ ನಡುವೆ ಸೂಜಿಮೊನೆಯಷ್ಟು ಜಾಗ ಮಾತ್ರ ಕಪ್ಪಗೆ ಸುಟ್ಟು ಹೊಳೆಯುತ್ತಿತ್ತು. ಹೆಡ್‌ಲೈಟಿಗೆ ಹೋಗುವ ಕರೆಂಟೆಲ್ಲ ಆ ಸೂಜಿಮೊನೆಯ ಮೂಲಕವೇ ನುಗ್ಗಬೇಕಿತ್ತು. ಪಕ್ಕದ ಪ್ಲಾಸ್ಟಿಕ್ ಬಿಸಿಗೆ ಕರಗಿ ಅಲೆಅಲೆಯಾಗಿತ್ತು. ಸ್ಪಿರಿಟ್ ಹಾಕಿ, ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ನಯವಾದ ಮರಳು ಕಾಗದದ ಚೂರಿನಿಂದ ಬಿಂದುಗಳನ್ನು ತಾಮ್ರದ ಬಣ್ಣ ಬರುವ ತನಕ ಉಜ್ಜಿ, ಚೂರೇ ಚೂರು ಗ್ರೀಸು ಸವರಿದೆ. ಕಪ್ಲರಿನ ಪಿನ್ನುಗಳನ್ನು ಬದಲಾಯಿಸಿದೆ. ಅರ್ಥ್‌ಗೆ ಹೋಲ್ಡರಿನಿಂದ ಚಾಸಿಗೆ, ಬಣ್ಣ ಕೆರೆದು, 1.5 ಚದರ ಮಿಲಿಮೀಟರಿನ ಹೊಸ ವೈರು ಎಳೆದೆ. ವ್ಯತ್ಯಾಸ 2.1ರಿಂದ 0.5ಕ್ಕೆ ಇಳಿಯಿತು. ಈ ಕೆಲಸಕ್ಕೆ ಸಾಮಾನಿನ ಖರ್ಚು ನೂರು ರೂಪಾಯಿ ದಾಟಲಿಲ್ಲ. ಯಾರಾದರೂ ನನ್ನನ್ನು ಕೇಳಿದರೆ, ಬೇರೇನೂ ಮಾಡುವ ಮೊದಲು ಇಷ್ಟು ಮಾಡಿಸಿ ಎನ್ನುತ್ತೇನೆ.

ಹೆಡ್‌ಲೈಟ್ ಡೂಮ್ (ಮುಂದಿನ ಮುಚ್ಚಳ, ರಿಫ್ಲೆಕ್ಟರ್ ಸೇರಿದ ಭಾಗ) ಮಾತ್ರ ಉಳಿಸಲಾಗಲಿಲ್ಲ. ಹೊರಗಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗಿದ್ದರೆ ಪಾಲಿಶ್ ಪೇಸ್ಟಿನಿಂದ ಉಜ್ಜಿ ಒಂದಿಷ್ಟು ದಿನ ತಳ್ಳಬಹುದು. ಇದರ ಒಳಗೆ ನೀರು ಹೋಗಿ ರಿಫ್ಲೆಕ್ಟರಿನ ಬೆಳ್ಳಿ ಬಣ್ಣವೇ ಚಕ್ಕೆ ಎದ್ದಿತ್ತು. ಅದರ ಮೇಲಿರುವುದು ಹಬೆಯಲ್ಲಿ ಕೂರಿಸಿದ ಅಲ್ಯೂಮಿನಿಯಮ್ಮಿನ ತೆಳು ಪದರ, ಬಟ್ಟೆಯಲ್ಲಿ ಒರೆಸಿದರೂ ಬಿಟ್ಟುಬರುತ್ತದೆ. ಹೊಸ ಡೂಮ್ ಹಾಕಿದೆ.

ತಿರುವಿನಲ್ಲಿ ಮಂಕಾಗುವ ಬೆಳಕು

ಒಂದು ವಾರ ಓಡಿಸಿ ಬಂದ ಅಣ್ಣ ಖುಷಿಯಲ್ಲೇ ಇದ್ದರು, ಒಂದು ದೂರಿನ ಹೊರತು. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ವೇಗ ಇಳಿಸಿದರೆ ಎಂಜಿನ್ ನಿಧಾನವಾಗಿ ಬೆಳಕು ಬತ್ತುತ್ತದೆ. ಬೆಳಕು ಹೆಚ್ಚು ಬೇಕಾದ ಜಾಗದಲ್ಲೇ ಕಡಿಮೆ. ಇದು ವೈರಿನ ತಪ್ಪಲ್ಲ, ಎಸಿ ಲೈಟಿನ ಗುಣವೇ ಹಾಗೆ.

ಅವರ ಮನಸ್ಸು ಮತ್ತೆ ಆ ಎರಡು ಚೌಕನೆ ಲೈಟಿನ ಕಡೆಗೆ ಹೋಯಿತು. ಒಂದೊಂದು 20 ವಾಟಿನವು. ಲೆಕ್ಕ ಬರೆದು ತೋರಿಸಿದೆ. ಎರಡೂ ಸೇರಿ 40 ವಾಟ್, 12 ವೋಲ್ಟಿನಲ್ಲಿ 3.3 ಆಂಪಿಯರ್. ಬೈಕಿನ ಬ್ಯಾಟರಿ 2.5 ಎಎಚ್, ಅಂದರೆ 2.5 ಆಂಪಿಯರನ್ನು ಒಂದು ಗಂಟೆ ಕೊಡುವಷ್ಟು. ಚಾರ್ಜಿಂಗ್ ಸಾಲದಿದ್ದರೆ ಮುಕ್ಕಾಲು ಗಂಟೆಯೊಳಗೆ ಖಾಲಿ. ಹಿಂದಿನ ಸಲ ಅವು ಸತ್ತದ್ದಕ್ಕೆ ಲೈಟು ಕಾರಣವಲ್ಲ, ಬ್ಯಾಟರಿ ಮುಗಿದದ್ದು. ಅದಲ್ಲದೆ ಮುಂದೆ ಸ್ಪಾಟ್ ಲೈಟ್ ಹಾಕುವುದನ್ನು ಅದೇ ನಿಯಮಾವಳಿಯ 111ನೇ ನಿಯಮ ತಡೆಯುತ್ತದೆ. 60/55 ವಾಟಿನ ಎಚ್4 ಬಲ್ಬು ಹಾಕೋಣವೇ ಎಂದೂ ಕೇಳಿದರು. ಕಾಯಿಲ್ ಅಷ್ಟು ಕೊಡುವುದಿಲ್ಲ, ಪ್ಲಾಸ್ಟಿಕ್ ಡೂಮ್ ಆ ಬಿಸಿ ತಾಳುವುದಿಲ್ಲ, ಕಿವಿ ಉಜ್ಜದೆ ಅದು ಕೂರುವುದೂ ಇಲ್ಲ.

ಉಳಿದ ದಾರಿ ಹೆಡ್‌ಲೈಟನ್ನು ಡಿಸಿಗೆ ತರುವುದು. ಇಲ್ಲಿ ನನ್ನದೊಂದು ತಪ್ಪು ನಡೆಯಿತು, ಅದನ್ನೂ ದಾಖಲಿಸಬೇಕು. ಕಾಯಿಲ್ ಬಿಚ್ಚುವ ಕೆಲಸ ಉಳಿಸಲು ಮೊದಲು ಬರೀ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಹಾಕಿ ನೋಡಿದೆ. ಸ್ವಿಚ್ಚಿನಿಂದ ಬರುವ ಹಳೆಯ ವೈರನ್ನೇ ರಿಲೇಯ 86 ನಂಬರಿನ ಪಿನ್ನಿಗೆ ಕೊಟ್ಟೆ. ಅದರಲ್ಲಿ ಹರಿಯುತ್ತಿದ್ದುದು ಎಸಿ. ರಿಲೇ ಗುರ್ ಎಂದು ನಡುಗಿತು, ಲೈಟು ಪಟಪಟ ಹೊಡೆದುಕೊಂಡಿತು, ಹತ್ತು ನಿಮಿಷದಲ್ಲಿ ರಿಲೇಯ ಒಳಗಿನ ಕಾಂಟ್ಯಾಕ್ಟು ಸುಟ್ಟಿತು. ಬ್ಯಾಟರಿಗೆ ಬರುವ ಚಾರ್ಜನ್ನು ಹೆಚ್ಚಿಸದೆ ಬ್ಯಾಟರಿಯಿಂದ ಹೆಡ್‌ಲೈಟ್ ಉರಿಸಲು ಹೊರಟದ್ದೇ ತಪ್ಪು. ರಿಲೇ ಉಳಿದಿದ್ದರೆ ಬ್ಯಾಟರಿ ಮುಗಿಯುತ್ತಿತ್ತು.

ಮಾರನೇ ದಿನ ಮ್ಯಾಗ್ನೆಟ್ ತೆಗೆದೆ. ಕಾಯಿಲಿನ ಒಂದು ತುದಿ ಪ್ಲೇಟಿಗೇ ಬೆಸುಗೆ ಹಾಕಿ ಅರ್ಥ್ ಆಗಿರುತ್ತದೆ. ಹೀಗಿದ್ದಾಗ ಎಸಿಯ ಅರ್ಧ ಅಲೆ ಮಾತ್ರ ಬ್ಯಾಟರಿಗೆ ಸಿಗುವುದು. ಆ ಬೆಸುಗೆ ಬಿಡಿಸಿ, ತುದಿಗೆ ಬಿಸಿ ತಾಳುವ ಹೊಸ ವೈರು ಬೆಸೆದು, ಸ್ಲೀವ್ ಹಾಕಿ, ವಾರ್ನಿಷ್ ಕುಡಿಸಿ ಹೊರಗೆ ತಂದೆ. ಈ ಹೊಸ ವೈರು ಮತ್ತು ಹಳೆಯ ಬಿಳಿ ವೈರು ಎರಡೂ, ಪೂರ್ತಿ ಅಲೆಯನ್ನು ಬಳಸುವ ಫುಲ್ ವೇವ್ ಆರ್‌ಆರ್ ಯೂನಿಟ್ಟಿಗೆ. ನಡುವಿನ ಹಳದಿ ವೈರಿನ ತುದಿ ಮುಚ್ಚಿ ಬಿಟ್ಟೆ. ಕಾಯಿಲಿನ ಯಾವ ಭಾಗವೂ ಈಗ ಬಾಡಿಗೆ ತಾಗಬಾರದು. ಮುಚ್ಚುವ ಮೊದಲು ಮೀಟರಿನಲ್ಲಿ ಮೂರು ಸಲ ನೋಡಿದೆ.

ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು, ಎರಡು ರಿಲೇ. ರಿಲೇಯ 30 ನಂಬರಿನ ಪಿನ್ನಿಗೆ ಬ್ಯಾಟರಿಯಿಂದ 7.5 ಆಂಪಿಯರ್ ಫ್ಯೂಸಿನ ಮೂಲಕ ದಪ್ಪ ವೈರು, 87ರಿಂದ ಬಲ್ಬಿಗೆ, 85 ಅರ್ಥ್, 86ಕ್ಕೆ ಹಳೆಯ ಸ್ವಿಚ್ಚಿನ ವೈರು, ಈ ಸಲ ಚಾವಿಯಿಂದ ಬರುವ ಡಿಸಿ. ಡಿಪ್ಪರಿನ ಆ ಹಿತ್ತಾಳೆ ನಾಲಿಗೆಗೆ ಈಗ ರಿಲೇ ಎಳೆಯುವಷ್ಟು ಸಣ್ಣ ಕರೆಂಟಿನ ಭಾರ ಮಾತ್ರ. ಬ್ಯಾಟರಿ ತಟ್ಟೆಯನ್ನು ಸ್ವಲ್ಪ ಅಗಲಿಸಿ 5 ಎಎಚ್ ಬ್ಯಾಟರಿ ಕೂರಿಸಿದೆ.

ಓಡುವ ವೇಗದಲ್ಲಿ ಬ್ಯಾಟರಿಯಲ್ಲಿ 13.7 ವೋಲ್ಟ್, ಬಲ್ಬಿನಲ್ಲಿ 13.4. ಐಡಲ್‌ನಲ್ಲಿ (ಬೈಕು ನಿಂತು ಎಂಜಿನ್ ಮಾತ್ರ ಓಡುವಾಗ) ಬಲ್ಬಿಗೆ 12.0. ಐಡಲ್‌ನಲ್ಲಿ ಕಾಯಿಲ್ ಕೊಡುವುದು ಸಾಲದು, ಉಳಿದದ್ದನ್ನು ಬ್ಯಾಟರಿ ತುಂಬುತ್ತಿದೆ ಎಂದು ಇದರ ಅರ್ಥ. ದಾರಿಯಲ್ಲಿ ಅದು ವಾಪಸು ತುಂಬಿಕೊಳ್ಳುತ್ತದೆ. 13.4ಕ್ಕಿಂತ ಮೇಲೆ ಹೋಗದಿರುವುದೂ ಒಳ್ಳೆಯದೇ, ವೋಲ್ಟೇಜ್ ನೂರಕ್ಕೆ ಐದು ಹೆಚ್ಚಾದರೆ ಬಲ್ಬಿನ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ.

2017ರ ಏಪ್ರಿಲ್ 1ರಿಂದ ಬಂದ ಬೈಕುಗಳಲ್ಲಿ ಎಂಜಿನ್ ಶುರುವಾದ ಕೂಡಲೇ ಹೆಡ್‌ಲೈಟ್ ತಾನಾಗಿ ಉರಿಯುತ್ತದೆ, ಸ್ವಿಚ್ಚೇ ಇಲ್ಲ. ಅಂಥವನ್ನು ಈ ರೀತಿ ಬಿಚ್ಚಲು ಹೋಗಬೇಡಿ. ವೈರಿಂಗ್ ಬೇರೆ, ಕಂಪ್ಯೂಟರ್ ಬೇರೆ. ಇಲ್ಲಿ ಬರೆದದ್ದು ಹಳೆಯ ಎಸಿ ಲೈಟಿನ ಬೈಕಿಗೆ.

ಪೇಪರ್ ತುಂಬಿಸಿಯೇ ಅಳೆದದ್ದು

ಹೆಡ್‌ಲೈಟ್ ತಿರುಗಿಸಿ ಕೂರಿಸುವ ಕೆಲಸವನ್ನು ಹೆಚ್ಚಿನವರು ಖಾಲಿ ಬೈಕಿನಲ್ಲಿ ಮಾಡುತ್ತಾರೆ. ಅಣ್ಣನ ಕ್ರೇಟಿನಲ್ಲಿ ದಿನಾ 25 ಕಿಲೋ ಪೇಪರ್ ಇರುತ್ತದೆ, ಅದೂ ಹಿಂದಿನ ಚಕ್ರದ ಮೇಲೆಯೇ. ಅಷ್ಟು ಭಾರ ಇಟ್ಟು ನೋಡಿದಾಗ ಬೈಕಿನ ಹಿಂಭಾಗ ಎರಡೂವರೆ ಸೆಂಟಿಮೀಟರ್ ಕುಸಿಯಿತು. ಎರಡು ಚಕ್ರದ ನಡುವೆ ಇರುವುದು 123 ಸೆಂಟಿಮೀಟರ್. ಲೆಕ್ಕ ಹಾಕಿದರೆ 5 ಮೀಟರ್ ದೂರದ ಗೋಡೆಯಲ್ಲಿ ಬೆಳಕಿನ ಗೆರೆ 10 ಸೆಂಟಿಮೀಟರ್ ಮೇಲೇರಬೇಕು. ಗೋಡೆಯಲ್ಲೂ ಹಾಗೇ ಏರಿತು. ಖಾಲಿ ಬೈಕಿನಲ್ಲಿ ಎಷ್ಟೇ ಸರಿಯಾಗಿ ಕೂರಿಸಿದ್ದರೂ ನಾಲ್ಕೂವರೆಯ ಹೊತ್ತಿಗೆ ಅದು ಆಕಾಶ ನೋಡುತ್ತಿತ್ತು.

ಹಿಂದಿನ ಶಾಕ್ ಅಬ್ಸಾರ್ಬರ್ ಬಿಗಿ ಮಾಡಿದೆ. ಕ್ರೇಟಿಗೆ ರದ್ದಿ ಪೇಪರ್ ತೂಕ ಮಾಡಿ ತುಂಬಿಸಿ, ಅಣ್ಣನನ್ನು ರೇನ್‌ಕೋಟ್ ಸಮೇತ ಸೀಟಿನ ಮೇಲೆ ಕೂರಿಸಿದೆ. ಹೆಡ್‌ಲೈಟಿನ ನಡುಭಾಗ ನೆಲದಿಂದ 88 ಸೆಂಟಿಮೀಟರ್ ಇತ್ತು. ಗೋಡೆಯ ಮೇಲೆ ಸೀಮೆಸುಣ್ಣದಿಂದ 80ರಲ್ಲಿ ಗೆರೆ ಎಳೆದು, ಬೆಳಕಿನ ಅಂಚನ್ನು ಅಲ್ಲಿಗೆ ಇಳಿಸಿದೆ. 5 ಮೀಟರಿಗೆ 8 ಸೆಂಟಿಮೀಟರ್ ಇಳಿದರೆ ಬೆಳಕು ರಸ್ತೆಯನ್ನು ಮುಟ್ಟಿ ಮುಗಿಯುವುದು 55 ಮೀಟರ್ ಮುಂದೆ. ಅಷ್ಟು ಸಾಕೇ ಎಂದರೆ, ಅಣ್ಣ ಮಳೆಯಲ್ಲಿ 40ಕ್ಕಿಂತ ಜೋರು ಹೋಗುವುದಿಲ್ಲ. ಆ ವೇಗದಲ್ಲಿ ಕಂಡು, ಮನಸ್ಸಿಗೆ ಹತ್ತಿ, ಬ್ರೇಕ್ ಮೇಲೆ ಕೈ ಹೋಗುವ ಒಂದೂವರೆ ಸೆಕೆಂಡಿನಲ್ಲಿ 16–17 ಮೀಟರ್ ಕಳೆಯುತ್ತದೆ, ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ 15 ಬೇಕು. ಒಟ್ಟು 32 ಮೀಟರ್.

ಪರೀಕ್ಷೆಗೆ ಅಣ್ಣನ ಮನೆಯ ಕಪ್ಪು ಕಂಬಳಿಯನ್ನೇ ತಂದೆವು. ಬಣಕಲ್ ಹತ್ತಿರ ಎಸ್ಟೇಟಿನ ಒಳಗಿನ ಒಂದು ನೇರ ರಸ್ತೆಯಲ್ಲಿ ಗೂಟಕ್ಕೆ ಕಂಬಳಿ ಹೊದಿಸಿ, ಅಣ್ಣ ದೂರದಿಂದ ನಿಧಾನ ಬಂದು "ಕಂಡ್ತು" ಎಂದು ನಿಲ್ಲಿಸಿದ ಜಾಗದಿಂದ ಹೆಜ್ಜೆ ಎಣಿಸಿದೆವು. ಮಳೆ ಬಿಟ್ಟ ರಾತ್ರಿ ಅದು. ಹಳೆಯ ಎಲ್‌ಇಡಿಯನ್ನು ಮತ್ತೆ ಹಾಕಿ ನೋಡಿದಾಗ 26 ಹೆಜ್ಜೆ, ಟೇಪಿನಲ್ಲಿ 18 ಮೀಟರ್. ಹತ್ತಿರದ ನೆಲ ಹಗಲಿನ ಹಾಗೆ ಬೆಳಗುತ್ತಿತ್ತು, ಆ ಬೆಳಕಿಗೆ ಕಣ್ಣಿನ ಪಾಪೆ ಕುಗ್ಗಿ ದೂರದ ಕಪ್ಪು ಇನ್ನಷ್ಟು ಕಪ್ಪಾಗಿತ್ತು. 35 ವಾಟಿನ ಹ್ಯಾಲೊಜೆನ್ನಿನಲ್ಲಿ, ವೈರು ಸರಿಯಾದ ಮೇಲೆ, ಡಿಮ್‌ನಲ್ಲೇ 37 ಮೀಟರ್. ಮೂರು ಸಲ ಮಾಡಿದೆವು, 35ಕ್ಕಿಂತ ಕೆಳಗೆ ಬರಲಿಲ್ಲ.

ಮಂಜು ಬಿದ್ದ ಬೆಳಿಗ್ಗೆ ಅದೇ ಕಂಬಳಿ ಕಂಡದ್ದು 15 ಮೀಟರಿಗೆ. ಇದನ್ನು ಅಣ್ಣನಿಗೆ ಬಿಡಿಸಿ ಹೇಳಿದೆ: ಘಾಟಿಯ ದಪ್ಪ ಮಂಜಿನಲ್ಲಿ ಯಾವ ದೀಪವೂ ದೂರ ತೋರಿಸುವುದಿಲ್ಲ, ಅಂಥಲ್ಲಿ 20 ಕಿಲೋಮೀಟರ್ ವೇಗ. 20ರಲ್ಲಿ ನಿಲ್ಲಲು 12 ಮೀಟರ್ ಬೇಕು, ಕೈಯಲ್ಲಿರುವುದು 15. ಬ್ರೈಟ್ ಹಾಕಬಾರದು. "ಇಪ್ಪತ್ತರಲ್ಲಿ ಹೋದ್ರೆ ಜಾವಳಿಯವ್ರಿಗೆ ಪೇಪರ್ ಎಂಟು ಗಂಟೆಗೆ" ಅಂದರು. ಅವರ ಹೆಂಡತಿ ಪಕ್ಕದಲ್ಲೇ ಇದ್ದರು. "ಎಂಟಕ್ಕೇ ಓದ್ಲಿ" ಅಂದರು.

ತಾನು ನೋಡುವುದರಷ್ಟೇ ತಾನು ಕಾಣುವುದೂ ಮುಖ್ಯ. ಟಾರ್ಪಾಲು ಇಳಿಬಿದ್ದು ಹಿಂದಿನ ಲೈಟು ಅರ್ಧ ಮುಚ್ಚಿತ್ತು. ಕ್ರೇಟನ್ನು ನಾಲ್ಕು ಬೆರಳು ಮೇಲೆತ್ತಿ ಕಟ್ಟಿ, ಕ್ರೇಟಿನ ಹಿಂದೆ ಕೆಂಪು, ಎರಡು ಬದಿಗೆ ಹಳದಿ ರಿಫ್ಲೆಕ್ಟಿವ್ ಟೇಪ್ ಅಂಟಿಸಿದೆ. ಆ ಟೇಪಿಗೆ ಕರೆಂಟು ಬೇಡ, ಲಾರಿಯ ಬೆಳಕನ್ನು ಲಾರಿಯವನ ಕಣ್ಣಿಗೇ ವಾಪಸು ಕಳಿಸುತ್ತದೆ. 110 ರೂಪಾಯಿಯ ಈ ಟೇಪು ಪೂರ್ತಿ ಕೆಲಸದಲ್ಲಿ ಅತಿ ಅಗ್ಗದ ಸಾಮಾನು, ಮೊದಲ ದಿನವೇ ಅಂಟಿಸಿ ಕಳಿಸಬೇಕಿತ್ತು.

ಖರ್ಚು: ಬಲ್ಬು 120, ಡೂಮ್ 480, ವೈರು ಸ್ಲೀವ್ 150, ಎರಡು ರಿಲೇ 280, ಆರ್‌ಆರ್ ಯೂನಿಟ್ 450, ಬ್ಯಾಟರಿ 900, ಟೇಪ್ 110. ಸಾಮಾನು 2,490, ಕೂಲಿ 600. ಸುಟ್ಟ ರಿಲೇಯ ದುಡ್ಡು ನನ್ನದು.

ಆಗಸ್ಟಿನಲ್ಲಿ ಒಂದು ದಿನ ಬ್ಯಾಟರಿ ಖಾಲಿಯಾಯಿತು. ಎಸ್ಟೇಟ್ ಲೈನಿನಲ್ಲಿ ಮನೆಮನೆಗೆ ಪೇಪರ್ ಹಾಕುವಾಗ ಎಂಜಿನ್ ಆರಿಸಿ, ದಾರಿ ಕಾಣಲೆಂದು ಚಾವಿ ಹಾಗೇ ಬಿಟ್ಟು ಹೆಡ್‌ಲೈಟ್ ಉರಿಸಿಟ್ಟಿದ್ದರು. ಮೊದಲು ಎಂಜಿನ್ ಆರಿದರೆ ಲೈಟೂ ಆರುತ್ತಿತ್ತು, ಡಿಸಿ ಮಾಡಿದ ಮೇಲೆ ಹಾಗಲ್ಲ. ಇದನ್ನು ನಾನು ಮೊದಲೇ ಒತ್ತಿ ಹೇಳಬೇಕಿತ್ತು. ಈ ಬೈಕಿನಲ್ಲಿ ಪ್ಲಗ್ಗಿಗೆ ಕಿಡಿ ಕೊಡಿಸುವ ಸಿಡಿಐಗೆ ಬೇರೆ ಕಾಯಿಲ್ ಇರುವುದರಿಂದ ಬ್ಯಾಟರಿ ಸತ್ತರೂ ಕಿಕ್ಕಿಗೆ ಎಂಜಿನ್ ಹತ್ತಿತು, ದಾರಿಯಲ್ಲಿ ನಿಲ್ಲಲಿಲ್ಲ. ಈಗ ಅಣ್ಣ ಕೊರಳಿಗೆ ಸಣ್ಣ ಟಾರ್ಚು ಹಾಕಿಕೊಳ್ಳುತ್ತಾರೆ, ಇಳಿದ ಕೂಡಲೇ ಚಾವಿ ತೆಗೆಯುತ್ತಾರೆ.

ನವೆಂಬರ್ ಮೊದಲ ವಾರ ಮತ್ತೆ ಅಳೆದೆ. ಬಲ್ಬಿನಲ್ಲಿ 13.3 ವೋಲ್ಟ್. ಡಿಪ್ಪರ್ ಬಿಚ್ಚಿ ನೋಡಿದೆ, ಕಿಲುಬು ಇಲ್ಲ. ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಮಳೆಗೆ ಅಳಿಸಿಹೋಗಿತ್ತು, 80ರಲ್ಲಿ ಹೊಸದಾಗಿ ಎಳೆದು ಬೈಕು ನಿಲ್ಲಿಸಿದರೆ ಬೆಳಕಿನ ಅಂಚು ಎರಡು ಬೆರಳು ಮೇಲೆ ಇತ್ತು. ಹಬ್ಬದ ವಿಶೇಷಾಂಕಗಳು ಬಂದಿದ್ದವು, ಕ್ರೇಟಿನ ತೂಕ ಹೆಚ್ಚಾಗಿತ್ತು. ಸ್ಕ್ರೂಡ್ರೈವರ್ ತೆಗೆದುಕೊಂಡು ಮತ್ತೆ ಇಳಿಸಿದೆ.